ಗುಂಡಿನ ತೂಕ ಬದಲಾದರೆ ಮದ್ದಿನ ಅಳತೆಯೂ ಬದಲಾಗಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ಜಿಂಕೆ ಬೇಟೆಯನ್ನು ಕುರಿತ ನಿಮ್ಮ ಪತ್ರಿಕೆಯ ಬರಹದಲ್ಲಿ, ತೋಟಾಗಳಿಗೆ ಕೋವಿಮದ್ದನ್ನೂ ಗುಂಡನ್ನೂ ತಾವೇ ತುಂಬಿಕೊಳ್ಳುವವರು ಹೆಚ್ಚು ತೂಕದ ಗುಂಡನ್ನು ಆರಿಸಿಕೊಂಡರೆ ಸಾಕು ಎಂಬ ಧ್ವನಿಯಿದೆ. ವಿಸ್ಕಾನ್ಸಿನ್‌ನಲ್ಲಿ ನೆಲೆಸಿ, ಪರವಾನಗಿ ಪಡೆದು ಬೇಟೆಯಾಡುವ ಕನ್ನಡಿಗನಾಗಿ ನಾನು ಇದನ್ನು ಒಪ್ಪಲಾರೆ.

1906ರಿಂದ ಬಳಕೆಯಲ್ಲಿರುವ ಥರ್ಟಿ-ಆಟ್-ಸಿಕ್ಸ್ (.30-06) ಎಂಬ ರೈಫಲ್ ತೋಟಾವನ್ನೇ ನೋಡಿ. ಅದರಲ್ಲಿ 150 ಗ್ರೇನ್, ಅಂದರೆ 9.7 ಗ್ರಾಂ ತೂಗುವ ಗುಂಡು ಸೆಕೆಂಡಿಗೆ ಸುಮಾರು 2,900 ಅಡಿ ವೇಗದಲ್ಲಿ ಹೊರಟರೆ, 180 ಗ್ರೇನಿನದು ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ. ಭಾರದ ಗುಂಡು ದೂರದಲ್ಲಿಯೂ ವೇಗವನ್ನು ಉಳಿಸಿಕೊಂಡು ಆಳಕ್ಕೆ ಇಳಿಯುತ್ತದೆ ಎಂಬುದು ನಿಜ. ಎಲ್ಕ್‌ನಂತಹ ದೊಡ್ಡ ಪ್ರಾಣಿಗೆ ಅದು ಬೇಕು. ಬಿಳಿಬಾಲದ ಜಿಂಕೆಗೆ ಮಾತ್ರ ಸರಿಯಾದ ಜಾಗಕ್ಕೆ ಬಿದ್ದ 150 ಗ್ರೇನಿನ ಗುಂಡೇ ಧಾರಾಳವಾಯಿತು.

ಇದಕ್ಕಿಂತ ಮುಖ್ಯವಾದುದು ಸುರಕ್ಷತೆ. ಹಗುರ ಗುಂಡಿಗೆ ಅಳೆದಿಟ್ಟ ಮದ್ದನ್ನೇ ಭಾರದ ಗುಂಡಿನ ಹಿಂದೆ ತುಂಬಿದರೆ, ಗುಂಡು ನಿಧಾನವಾಗಿ ಸರಿಯುವುದರಿಂದ ಅನಿಲದ ಒತ್ತಡ ಮಿತಿಮೀರಿ ಕೋವಿಯೇ ಸಿಡಿಯಬಹುದು. ಆದ್ದರಿಂದ ಪ್ರತಿ ಗುಂಡಿಗೂ ಮದ್ದು ತಯಾರಕರ ಕೈಪಿಡಿಯಲ್ಲಿರುವ ಕನಿಷ್ಠ ಅಳತೆಯಿಂದಲೇ ಹೊಸದಾಗಿ ಆರಂಭಿಸಬೇಕು. ತಾಮ್ರದ ಗುಂಡಾದರೆ ಇನ್ನೂ ಎಚ್ಚರ ಬೇಕು: ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗಿ, ತೋಟಾದೊಳಗೆ ಮದ್ದಿನ ಜಾಗವನ್ನು ಕಬಳಿಸುತ್ತದೆ. ಬರಹದಲ್ಲಿ ಈ ಎಚ್ಚರಿಕೆಯ ಒಂದು ಸಾಲೂ ಇಲ್ಲ. ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ಅದನ್ನು ಸೇರಿಸಿ.

— ಓರ್ವ ಓದುಗ, ವಿಸ್ಕಾನ್ಸಿನ್