ಗೇಟಿನಾಚೆ ಏನಾಯಿತೋ

ವಿರಾಜಪೇಟೆ

ಪ್ರೀತಿಯ ಮಗಳೇ,

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ಅಮೆರಿಕದ ಆ ವಲಸಿಗರ ಬಂಧನ ಕೇಂದ್ರದಲ್ಲಿ ಜನರನ್ನು ಕೂರಿಸಿಕೊಂಡು ಕಾನೂನು ಹೇಳಿಕೊಡುತ್ತೀಯ. ಮುಂದಿನ ವಾರ ಹೋದರೆ ಅರ್ಧ ಮುಖಗಳೇ ಇರುವುದಿಲ್ಲ. "ನನ್ನ ಮಾತು ನಂಬಿ ಯಾರಾದರೂ ಕೆಟ್ಟರೆ ನನಗೆ ಗೊತ್ತೇ ಆಗಲ್ಲ ಮಾವ" ಅಂತ ಬರೆದಿದ್ದೀಯ.

ಕೋರ್ಟಿನ ಮುಂದೆ ಅರ್ಜಿ ಬರೆದು ಹೊಟ್ಟೆ ಹೊರೆದವನಿಗೆ ಇದನ್ನು ಬರೆದರೆ ಸುಮ್ನೆ ಇರೋಕಾಗುತ್ತಾ?

ನನ್ನ ಟೈಪ್‌ರೈಟರ್ ಕಾಂಪೌಂಡಿನ ಹೊರಗಿತ್ತು. ಒಳಗೆ ನಿಂತು ವಾದ ಮಾಡೋ ಭಾಗ್ಯ ನನಗಿರಲಿಲ್ಲ. ಲಾ ಓದಬೇಕು ಅಂದಾಗ ಅಪ್ಪ ತೋಟದ ಸಾಲ ತೋರಿಸಿದರು. ಆ ಕೊರಗು ಈಗಲೂ ಇದೆ. ಅರ್ಜಿ ಹಿಡಿದು ಗೇಟು ದಾಟಿದವರು ಗೆದ್ದರೋ ಸೋತರೋ, ಹೇಳೋಕೆ ಯಾರು ವಾಪಸ್ ಬರುತ್ತಾರೆ?

ಸಿದ್ದಾಪುರ ಕಡೆಯ ಕಾಫಿ ತೋಟದ ಕೂಲಿಗಳ ಲೈನ್‌ಮನೆಯಿಂದ ಒಮ್ಮೆ ಅಸ್ಸಾಮಿನ ಹೆಂಗಸೊಬ್ಬಳು ಬಂದಿದ್ದಳು. ಕಾಗದ ನೋಡಬೇಕು ಅಂತ ಗಂಡನನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರು. ಅವಳ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ವೋಟರ್ ಕಾರ್ಡ್, ಊರಿನ ಪಂಚಾಯಿತಿಯ ಚೀಟಿ. ಅವನ ಅಪ್ಪನ ಹೆಸರು ಎರಡು ಕಡೆ ಎರಡು ಥರ, ಒಂದರಲ್ಲಿ ಒಂದು ಅಕ್ಷರ ಜಾಸ್ತಿ. ವಿದೇಶಿಯಲ್ಲ ಅಂತ ತೋರಿಸುವ ಹೊಣೆ ನಮ್ಮಲ್ಲಿ ಆ ಮನುಷ್ಯನ ಮೇಲೆಯೇ. 1946ರ ವಿದೇಶಿಯರ ಕಾಯ್ದೆಯಲ್ಲೂ ಹಾಗೇ ಇತ್ತು, 2025ರ ಹೊಸದರಲ್ಲೂ ಹಾಗೇ. ಒಂದಕ್ಷರಕ್ಕೆ ಎಷ್ಟು ಭಾರ ನೋಡು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು, ಕಸ್ಟಡಿಯಲ್ಲಿ ಇರುವವನಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ಅಷ್ಟನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಟೈಪ್ ಮಾಡಿ ಕೊಟ್ಟೆ. ಆಮೇಲೆ ಕಾಫಿ ಕೊಯ್ಲು ಮುಗಿದು ಆ ಲೈನೇ ಖಾಲಿಯಾಯಿತು. ಅವನು ಬಿಡುಗಡೆ ಆದನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ನೀನಿರುವಲ್ಲಿ ಆ ಉಚಿತ ವಕೀಲರೂ ಇಲ್ಲವಲ್ಲ. ಕಳ್ಳತನದ ಕೇಸಾದರೆ ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲೇ ಹೇಳಿದೆ. ವಲಸೆ ಕೇಸು ಸಿವಿಲ್ ಲೆಕ್ಕ, ಅದಕ್ಕೆ ಸ್ವಂತ ಖರ್ಚು. ಬಂಧನದಲ್ಲಿರುವವರಿಗೆ ಕಾನೂನು ತಿಳಿಸಲು 2003ರಿಂದ ನಡೆಯುತ್ತಿದ್ದ ಸರ್ಕಾರಿ ಕಾರ್ಯಕ್ರಮವನ್ನೂ 2025ರಲ್ಲಿ ನಿಲ್ಲಿಸಿದರು. ಈಗ ತಪ್ಪಾದೀತು ಅಂತ ನೀನೂ ಬಾಯಿ ಮುಚ್ಚಿಕೊಂಡರೆ, ಆ ಕೋಣೆಯಲ್ಲಿ 'ಇಲ್ಲಿ ಸಹಿ ಹಾಕು' ಅನ್ನುವವರ ಮಾತೊಂದೇ ಉಳಿಯುತ್ತದೆ, ಅಲ್ವಾ?

ಆ ಭಯ ನಿನಗೆ ಇರಲಿ ಅಂತಲೇ ನನಗೆ ಅನಿಸುತ್ತದೆ. ಅದಿಲ್ಲದ ಅರ್ಜಿ ಬರಹಗಾರರು ನನ್ನ ಪಕ್ಕದಲ್ಲೇ ಕೂತಿದ್ದರು. ಯಾರು ಬಂದರೂ 'ಆಗುತ್ತೆ ಹೋಗಿ' ಅನ್ನುತ್ತಿದ್ದರು. ಜನ ಅವರ ಹತ್ತಿರವೇ ಜಾಸ್ತಿ, ಆ ಮಾತು ಬೇರೆ.

ಅಲ್ಲಿನ ಕೋರ್ಟಿನ ಮೆಟ್ಟಿಲು ಕಾಣದವನು ನಿನಗೆ ಬುದ್ಧಿ ಹೇಳೋದು ತಮಾಷೆಯೇ. ಆದರೂ, 'ನಾನು ನಿಮ್ಮ ವಕೀಲಳಲ್ಲ' ಅನ್ನೋದನ್ನು ಮೊದಲೇ ಹೇಳು, ಮುಗಿಸುವಾಗ ಇನ್ನೊಮ್ಮೆ ಹೇಳು. ಆಶ್ರಯ ಕೇಳುವವರು ದೇಶಕ್ಕೆ ಬಂದು ಒಂದು ವರ್ಷದೊಳಗೆ ಅರ್ಜಿ ಹಾಕಬೇಕಲ್ಲ, ಆ ತಾರೀಖನ್ನು ಅವರ ಕೈಯಲ್ಲೇ ಬರೆಸು. ಎ-ನಂಬರನ್ನು, ಅಂದರೆ ಅಲ್ಲಿನ ವಲಸೆ ಇಲಾಖೆ ಒಬ್ಬೊಬ್ಬರಿಗೆ ಕೊಡುವ ಗುರುತಿನ ಸಂಖ್ಯೆಯನ್ನು, ಫೋನಿನಲ್ಲಿ ಮನೆಯವರಿಗೆ ಹೇಳಿಡಲಿ. ರಾತ್ರೋರಾತ್ರಿ ಬೇರೆ ರಾಜ್ಯಕ್ಕೆ ಸಾಗಿಸಿದರೆ ಹುಡುಕಲು ಅದು ಬೇಕು. ಗೊತ್ತಿಲ್ಲದ್ದಕ್ಕೆ 'ಕೇಳಿ ಹೇಳುತ್ತೇನೆ' ಅನ್ನು. ಮುಂದಿನ ವಾರ ಅವನೇ ಇರಲ್ಲ ಅನ್ನುತ್ತೀಯ. ಹೌದು, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಇನ್ನೊಂದು. ಆ ಬಂಧನ ಕೇಂದ್ರದ ಗೇಟಿನಲ್ಲಿ ನಿನ್ನ ಗುರುತಿನ ಚೀಟಿಯನ್ನೂ ನೋಡುತ್ತಾರೆ. ನೀನೂ ವೀಸಾದ ಮೇಲೆ ಇರುವವಳು. ಪಾಸ್‌ಪೋರ್ಟ್, ವೀಸಾ ಎರಡರ ಪ್ರತಿ ಅಮ್ಮನಿಗೆ ಒಂದು, ನನಗೆ ಒಂದು ಕಳಿಸು. ಯಾಕೆ ಅಂತ ಅವಳು ಕೇಳಿದರೆ ನಾನೇ ಏನಾದರೂ ಹೇಳುತ್ತೇನೆ.

ನಿನ್ನ ಮಾವ