ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಮುಂದಕ್ಕೆ ಎತ್ತುವುದು ಕಲಿ, ಆಮೇಲೆ ಟೆಸ್ಟ್

ಪ್ರೀತಿಯ ಪುಟ್ಟಿ,

ನಿನ್ನ ಎಲ್‌ಎಲ್‌ಆರ್, ಅದೇ ಕಲಿಯುವವರ ಲೈಸೆನ್ಸ್, ನೋಡಿದೆ. ಫೋಟೋದಲ್ಲಿ ಮುಖ ಊದಿಕೊಂಡ ಹಾಗೆ ಬಂದಿದೆ. ಇರಲಿ, ಲೈಸೆನ್ಸ್ ಫೋಟೋದಲ್ಲಿ ಚೆನ್ನಾಗಿ ಬಂದವರನ್ನು ನಾನಂತೂ ನೋಡಿಲ್ಲ. 30 ದಿನ ಕಳೆದ ಕೂಡಲೇ ಟೆಸ್ಟಿಗೆ ಸ್ಲಾಟ್ ಹಾಕ್ತೀನಿ ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ "ಹೂಂ ಅಮ್ಮ, ಹೂಂ ಅಮ್ಮ" ಅಂತ ಇಟ್ಟುಬಿಡ್ತೀಯ. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಅವಸರ ಏನಿದೆ?

ಬೆಳಗ್ಗೆ ಆರು ಗಂಟೆಗೆ ಶಿವಮೊಗ್ಗದ ನೂರಡಿ ರಸ್ತೆಯಲ್ಲಿ ಯಾರು ಬೇಕಾದರೂ ಕಾರು ಓಡಿಸಬಹುದು. ಅದೂ ಡ್ರೈವಿಂಗ್ ಸ್ಕೂಲಿನ ಕಾರು. ಮೇಷ್ಟ್ರ ಕಾಲ ಕೆಳಗೂ ಕ್ಲಚ್, ಬ್ರೇಕ್ ಇರುತ್ತದೆ. ಗಾಡಿ ಆಫ್ ಆಗದೆ ಮುಂದೆ ಹೋಯಿತು ಅಂತ ನೀನು ಖುಷಿಪಡುವಾಗ ನಿಜಕ್ಕೂ ಒತ್ತಿದ್ದು ಯಾರ ಕಾಲು ಅಂತ ಗೊತ್ತಾಗುವುದಿಲ್ಲ. ಒಂದು ದಿನ ಅವರಿಗೆ ಹೇಳು: "ಸರ್, ಇವತ್ತು ಕಾಲು ಹಿಂದೆ ಇಟ್ಟುಕೊಳ್ಳಿ." ಆವತ್ತು ಗೊತ್ತಾಗುತ್ತದೆ. ಆ ಸ್ಕೂಲಿನವರು ಯಾರೋ "ಟೆಸ್ಟ್ ನಾವು ನೋಡ್ಕೋತೀವಿ ಮೇಡಂ" ಅಂದರಂತಲ್ಲ, ಆ ಮಾತು ನನಗೆ ಇಷ್ಟವಾಗಲಿಲ್ಲ. ಟೆಸ್ಟ್ ನೀನೇ ನೋಡಿಕೋ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯದು ಈ ಟೆಸ್ಟಿನದ್ದೇ. ಮೊದಲು ಕನ್ನಡಿ ಸರಿ ಮಾಡಿಕೊಳ್ಳಬೇಕು, ಸಿಗ್ನಲ್ ಕೊಡಬೇಕು, ರಿವರ್ಸಿನಲ್ಲಿ ಬಂದು ಸಣ್ಣ ಜಾಗದೊಳಗೆ ಗಾಡಿ ಹೊಗಿಸಬೇಕು, ಇವೆಲ್ಲ ಅದರಲ್ಲಿದೆ. ಜೊತೆಗೆ ಇನ್ನೆರಡು ಮಾತಿದೆ. ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬರಬೇಕು. ಕಡಿದಾದ ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಒಂದು ಚೂರೂ ಹಿಂದೆ ಸರಿಯದಂತೆ ಎತ್ತಬೇಕು. ಓದಿದಾಗ ನನಗೆ ನಗು ಬಂತು. ಇದನ್ನು ಬರೆದವರು ನಮ್ಮ ಮನೆ ಏರಿನಲ್ಲಿ, ಉಣುಗೋಲಿನ (ಗಳುವಿನ ಗೇಟಿನ) ಹತ್ತಿರ ನಿಂತೇ ಬರೆದರೋ ಅನ್ನಿಸಿತು! ಟ್ರ್ಯಾಕಿನಲ್ಲಿ ಇನ್ಸ್‌ಪೆಕ್ಟರ್ ಇದನ್ನು ಕೇಳುತ್ತಾರೋ ಬಿಡುತ್ತಾರೋ, ನಮ್ಮ ಏರು ಮಾತ್ರ ದಿನಾ ಕೇಳುತ್ತದೆ.

ಹ್ಯಾಂಡ್ ಬ್ರೇಕ್ ಎಳೆದಿಡು. ಫಸ್ಟ್ ಗೇರ್ ಹಾಕು. ಕ್ಲಚ್ ನಿಧಾನ ಬಿಡುತ್ತಾ ಬಾ. ಒಂದು ಹಂತದಲ್ಲಿ ಇಂಜಿನ್ ಸದ್ದು ಭಾರವಾಗುತ್ತದೆ, ಬಾನೆಟ್ ಸ್ವಲ್ಪ ತಲೆ ಎತ್ತುತ್ತದೆ. ಕಾಲು ಅಲ್ಲೇ ನಿಲ್ಲಲಿ. ಚೂರು ಆಕ್ಸಿಲರೇಟರ್ ಕೊಟ್ಟು ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸು. ಗಾಬರಿಯಲ್ಲಿ ಕ್ಲಚ್ ಪೂರ್ತಿ ಬಿಟ್ಟರೆ ಗಾಡಿ ಆಫ್. ಮೊದಲೇ ಹ್ಯಾಂಡ್ ಬ್ರೇಕ್ ಬಿಟ್ಟರೆ ಹಿಂದೆ ಬರುವ ಅಡಿಕೆ ಪಿಕಪ್ಪಿನ ಮೂತಿಗೆ ಗುದ್ದು. ಹಿಂದೆ ಯಾರಾದರೂ ಹಾರ್ನ್ ಹೊಡೆದರೆ ಹೊಡೆಯಲಿ, ಅವರ ಹಾರ್ನಿಗೆ ನಿನ್ನ ಕ್ಲಚ್ ಬಿಡಬೇಡ.

ಇಳಿಯುವಾಗ ಇನ್ನೊಂದು ಥರ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡುವ ಜಾಣರು ನಮ್ಮೂರಲ್ಲೂ ಇದ್ದಾರೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಆಗುಂಬೆಯಿಂದ ಸೋಮೇಶ್ವರದ ಕಡೆ 14 ತಿರುವು ಇಳಿಯುವಷ್ಟರಲ್ಲಿ ಅದು ಕಾದು ಹಿಡಿತ ಕಳೆದುಕೊಳ್ಳಬಹುದು. ಕಿರಿದಾದ ಘಾಟಿ ರಸ್ತೆಯಲ್ಲಿ ಏರುವ ಗಾಡಿಗೇ ಮೊದಲು ದಾರಿ, ಇಳಿಯುವವರು ನಿಲ್ಲಬೇಕು. ಇದೂ ನಿಯಮವೇ. ನಮ್ಮ ಬಸ್ಸಿನವರು ಏರುವಾಗಲೂ ಇಳಿಯುವಾಗಲೂ ದಾರಿ ತಮ್ಮದೇ ಅಂದುಕೊಂಡಿದ್ದಾರೆ, ಅವರ ಹತ್ತಿರ ವಾದ ಬೇಡ.

ಇಷ್ಟೆಲ್ಲ ಯಾಕೆ ಅಂದರೆ, ರಾತ್ರಿ ಅಜ್ಜಿಗೆ ಹುಷಾರು ತಪ್ಪಿದರೆ ತೀರ್ಥಹಳ್ಳಿಗೆ ಕರೆದುಕೊಂಡು ಹೋಗಲು ಮನೆಯಲ್ಲಿ ನಾನೊಬ್ಬಳೇ. ಅಪ್ಪನಿಗೆ ಕತ್ತಲಾದ ಮೇಲೆ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತದೆ. ಜುಲೈ ಮಳೆಯಲ್ಲಿ, ವೈಪರ್ ಎಷ್ಟು ಜೋರಾಗಿ ಆಡಿದರೂ ದಾರಿ ಕಾಣದಾಗ, ತಿರುವಿನಲ್ಲಿ ದನ ಮಲಗಿರುವಾಗ, ನೀನೂ ಓಡಿಸುವಂತಾಗಬೇಕು. ನನಗೆ ಬೇಕಾದ ಲೈಸೆನ್ಸ್ ಅದು. ಟೆಸ್ಟಿನಲ್ಲಿ ಫೇಲಾದರೆ ಆಗಲಿ, 7 ದಿನ ಬಿಟ್ಟು ಮತ್ತೆ ಹೋಗಬಹುದು.

ಶನಿವಾರ ಬಾ. ಬಿಳಿ ಮೇಲೆ ಕೆಂಪಕ್ಷರದ ಎಲ್ ಬೋರ್ಡ್ ಎರಡು ತಾ, ಮುಂದಕ್ಕೊಂದು, ಹಿಂದಕ್ಕೊಂದು. ಎಲ್‌ಎಲ್‌ಆರ್ ಮರೆಯಬೇಡ. ಆ ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬರಬೇಡ, ಪೆಡಲ್ ಮೇಲೆ ಜಾರುತ್ತದೆ. ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಇರಲೇಬೇಕಲ್ಲ, ನಾನು ಕೂರುತ್ತೇನೆ. ನಮ್ಮ ಕಾರಿನಲ್ಲಿ ನನ್ನ ಕಡೆ ಪೆಡಲ್ ಇಲ್ಲ, ಕೈಗೆ ಸಿಗುವುದು ಹ್ಯಾಂಡ್ ಬ್ರೇಕ್ ಒಂದೇ. ಕಿರುಚುವುದಿಲ್ಲ ಅಂತ ಮಾತು ಕೊಡಲಾರೆ. ಅಜ್ಜಿ ತಾನೂ ಬರ್ತೀನಿ ಅಂತ ಈಗಲೇ ಹೊಸ ಸೀರೆ ತೆಗೆದಿಟ್ಟಿದ್ದಾರೆ. ಮೊದಲ ದಿನ ಬೇಡ ಅಂತ ನೀನೇ ಹೇಳು, ನಾನು ಹೇಳಿದರೆ ಕೇಳುವುದಿಲ್ಲ.

ನಿನ್ನ
ಅಮ್ಮ