ಭಾನುವಾರ ಅಂತರಗಂಗೆ, ಮುಂದಿನ ವಾರ ರಕ್ತದಾನ

ಎಲ್ಲರಿಗೂ ನಮಸ್ಕಾರ. ಕಸ ಆಯೋದಕ್ಕೆ ಈ ಭಾನುವಾರ ಬೆಳಿಗ್ಗೆ 6ಕ್ಕೆ ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿ, ಮೆಟ್ಟಿಲು ಶುರುವಾಗುವ ಕಡೆ ಸೇರೋಣ. ಬಿಸಿಲು ಏರಿದರೆ ಬಂಡೆ ಕಾಯುತ್ತೆ, ಕೆಲಸ ಸಾಗಲ್ಲ. 6 ಅಂದರೆ 6.

ಹೋದ ಸಲ ಗೋಣಿಚೀಲ ತಂದಿದ್ದು ನಾಲ್ಕೇ ಜನ. ಈ ಸಲ ಮನೆಗೊಂದು ತನ್ನಿ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ. ಕೈಯಲ್ಲಿ ಕವರ್ ಕಂಡರೆ ಕೋತಿಗಳು ತಿಂಡಿ ಅಂದುಕೊಂಡು ಕಿತ್ತುಕೊಳ್ಳುತ್ತವೆ. ನಾನು ಅರ್ಧ ಗಂಟೆ ಬಗ್ಗಿ ಆಯ್ದ ಚಿಪ್ಸ್ ಪ್ಯಾಕೆಟ್, ಬಾಟಲಿ ಮುಚ್ಚಳ ಎಲ್ಲವನ್ನೂ ಒಂದು ಕೋತಿ ಬಂಡೆ ಮೇಲೆ ಕೂತು ಒಂದೊಂದಾಗಿ ಕೆಳಗೆ ಎಸೆಯಿತು. ನಗಬೇಡಿ. ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಗೆ ಯಾರೂ ಇಳಿಯಬೇಡಿ, ಪಾಚಿ ಜಾರುತ್ತೆ. ಸುತ್ತಲಿನ ಕಸ ತೆಗೆದರೆ ಸಾಕು.

ಅದರ ಮುಂದಿನ ಭಾನುವಾರ ನಮ್ಮ ಕ್ಲಬ್ ಕೋಣೆಯಲ್ಲೇ ರಕ್ತದಾನ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ ಇರಬೇಕು. ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇದ್ದರೆ ತೆಗೆದುಕೊಳ್ಳುವುದಿಲ್ಲ, ಬೇಜಾರು ಬೇಡ. ಹಿಂದೆ ಕೊಟ್ಟವರು ಲೆಕ್ಕ ನೋಡಿಕೊಳ್ಳಿ: ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಆಗಿರಬೇಕು. ಖಾಲಿ ಹೊಟ್ಟೆಯಲ್ಲಿ ಬಂದು ತಲೆಸುತ್ತಿ ಬೀಳಬೇಡಿ, ಮುದ್ದೆ ಉಂಡೇ ಬನ್ನಿ.

ಎರಡರಲ್ಲಿ ಯಾವುದಕ್ಕೆ ಬರುವವರಾದರೂ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಯಾವುದಕ್ಕೆ ಅಂತಲೂ ಬರೆಯಿರಿ. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಯಾವುದಕ್ಕೆ ಬರುತ್ತೀರಿ ಅಂತ ಗೊತ್ತಾಗಲ್ಲ. ಬೆಟ್ಟಕ್ಕೆ ಚಿತ್ರಾನ್ನ ಎಷ್ಟು ಜನಕ್ಕೆ ಹೇಳಬೇಕು ಅನ್ನೋದು ತಿಳಿಯಬೇಕು ಅಲ್ವಾ?